ಜಿಂಕೆ ಬೇಟೆಗೆ ಮೊದಲ ರೈಫಲ್: 800 ಡಾಲರ್‌ನಲ್ಲಿ ಯಾವುದು ತಗೊಳ್ಳಲಿ?

ಪಿಜೆ ಬಡಾವಣೆ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಇರೋದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಹೆಂಡತಿ ಅಲ್ಲಿಯವಳೇ, ಹಾಗಾಗಿ ಗ್ರೀನ್ ಕಾರ್ಡ್ ಇದೆ. ಗಣೇಶನ ಹಬ್ಬಕ್ಕೆ ಊರಿಗೆ ಬಂದಿದ್ದೇನೆ, ಇನ್ನೂ ಮೂರು ವಾರ ಇಲ್ಲೇ ಇರುತ್ತೇನೆ.

ಮಾವನವರಿಗೆ ಅಲ್ಲಿ ಉತ್ತರದ ಕಡೆ 40 ಎಕರೆ ಕಾಡಿದೆ. ನವೆಂಬರ್‌ನಲ್ಲಿ ಒಂಬತ್ತು ದಿನ ಬಂದೂಕಿನ ಬೇಟೆಗೆ ಅವಕಾಶ. ಮನೆಯವರೆಲ್ಲ ಹೋಗುತ್ತಾರೆ, ನಾನೊಬ್ಬ ಕಾಫಿ ಕಾಯಿಸಿಕೊಂಡು ಕ್ಯಾಬಿನ್‌ನಲ್ಲಿ ಕೂತಿರುತ್ತೇನೆ. ಈ ವರ್ಷ ನೀನೂ ಬಾ ಅಂದಿದ್ದಾರೆ. 1973ರಿಂದ ಈಚೆಗೆ ಹುಟ್ಟಿದವರಿಗೆ ಅಲ್ಲಿ ಹಂಟರ್ ಎಜುಕೇಶನ್ ಕೋರ್ಸ್ ಕಡ್ಡಾಯ, ಅದನ್ನು ಮುಗಿಸಿದ್ದೇನೆ.

ಮಾವನವರ .30-06 ರೈಫಲ್ ಒಮ್ಮೆ ಹಾರಿಸಿದೆ (ಈ ನಂಬರುಗಳೆಲ್ಲ ತೋಟಾದ ಜಾತಿಯ ಹೆಸರು). ಎರಡು ದಿನ ಭುಜ ಎತ್ತೋಕೆ ಆಗಲಿಲ್ಲ. ನನ್ನ ಎತ್ತರ 5 ಅಡಿ 4 ಇಂಚು, ಆ ಬಂದೂಕು ನನಗಿಂತ ಅವರಿಗೇ ಚೆನ್ನ. ನನ್ನದೇ ಒಂದು ತಗೊಳ್ಳೋಣ ಅಂತಿದ್ದೇನೆ. ರೈಫಲ್, ಸ್ಕೋಪ್ (ಗುರಿ ನೋಡುವ ದುರ್ಬೀನು), ತೋಟಾ ಎಲ್ಲ ಸೇರಿ 800 ಡಾಲರ್. ಅದಕ್ಕಿಂತ ಜಾಸ್ತಿ ಆದರೆ ಹೆಂಡತಿ ಕೇಳುತ್ತಾಳೆ. ಇಲ್ಲಿ ಅಮ್ಮನಿಗಂತೂ ವಿಷಯವೇ ಗೊತ್ತಿಲ್ಲ.

ಅಂತರ್ಜಾಲದಲ್ಲಿ ಓದಿ ಓದಿ ತಲೆ ಕೆಟ್ಟಿದೆ. ಒಬ್ಬ 6.5 ಕ್ರೀಡ್‌ಮೋರ್ ಅಂತಾನೆ, ಇನ್ನೊಬ್ಬ .308 ಅಂತಾನೆ. ಕನ್ನಡದಲ್ಲಿ ಯಾರಾದರೂ ಬಿಡಿಸಿ ಹೇಳ್ತೀರಾ?

ಜಗಳೂರು ಸೀಮೆ

ತಮ್ಮಾ, ಮೊದಲು ಒಂದು ಮಾತು. ಇದನ್ನು ಓದಿ ನಮ್ಮ ಕಡೆ ಹುಡುಗರು ಯಾರೂ ಹುಮ್ಮಸ್ಸು ತಗೋಬಾರದು. ಇಲ್ಲಿ ಜಿಂಕೆ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ ಯಾವುದಕ್ಕೆ ಗುರಿ ಇಟ್ಟರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಜೈಲು. ನಮ್ಮ ರಂಗಯ್ಯನದುರ್ಗದ ಕಾಡು ಇರೋದೇ ಕೊಂಡುಕುರಿಗಾಗಿ. ನಿಮ್ಮ ಅಮೆರಿಕದ ಲೆಕ್ಕ ಬೇರೆ, ಅಲ್ಲಿ ಸರ್ಕಾರವೇ ಚೀಟಿ ಕೊಟ್ಟು ಹೊಡೆಯಿರಿ ಅನ್ನುತ್ತದೆ. ಆಯಿತು.

ನಮ್ಮ ಮನೆಯಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ಬಂದೂಕು ಇದೆ. ಮೆಕ್ಕೆಜೋಳಕ್ಕೆ ಹಂದಿ ಬಂದರೆ ಆಕಾಶಕ್ಕೆ ಒಂದು ಢಂ ಅನಿಸೋದು, ಅಷ್ಟೇ. ಚುನಾವಣೆ ಬಂತೆಂದರೆ ಠಾಣೆಗೆ ಕೊಟ್ಟು ರಸೀದಿ ತರೋದು, ಆಮೇಲೆ ಹೋಗಿ ಬಿಡಿಸಿಕೊಂಡು ಬರೋದು. ನನಗೆ ನಿಮ್ಮ ನಂಬರುಗಳೆಲ್ಲ ತಿಳಿಯಲ್ಲ. ಆದರೆ ಬಂದೂಕು ಮೈಗೆ ಕೂರಬೇಕು, ಅದು ಗೊತ್ತು. ಅಂಗಡಿಯಲ್ಲಿ ಖಾಲಿ ಬಂದೂಕು ಕೇಳು. ಖಾಲಿ ಇದೆ ಅಂತ ನೀನೇ ತೆಗೆದು ನೋಡು. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ ಕೆನ್ನೆ ಇಡು, ಆಮೇಲೆ ಕಣ್ಣು ಬಿಡು. ಕತ್ತು ಉದ್ದ ಮಾಡಿ ಗುರಿ ಹುಡುಕಬೇಕಾಯಿತೋ, ಅದು ನಿನ್ನದಲ್ಲ. ವಾಪಸ್ ಇಡು.

ಮಾರಿಕಣಿವೆ ದಾಳಿಂಬೆ

ಈಗ ಹಿರಿಯೂರು ಹತ್ತಿರ ದಾಳಿಂಬೆ ಬೆಳೆಯುತ್ತೇನೆ. ಅದಕ್ಕೂ ಮೊದಲು 14 ವರ್ಷ ಮಿಷಿಗನ್‌ನಲ್ಲಿದ್ದೆ. ಅಲ್ಲಿ ನವೆಂಬರ್ 15ಕ್ಕೆ ಬಂದೂಕಿನ ಬೇಟೆ ಶುರು, 30ಕ್ಕೆ ಮುಗಿಯುತ್ತದೆ. ನಾನು ಹೋಗಿದ್ದು ಎಂಟು ಸಲ, ಜಿಂಕೆ ಸಿಕ್ಕಿದ್ದು ಮೂರು ಸಲ.

ನನ್ನ ಪೆದ್ದುತನ ಹೇಳುತ್ತೇನೆ, ನಿಮಗೆ ದುಡ್ಡು ಉಳಿಯುತ್ತದೆ. ಮೊದಲ ವರ್ಷ ಅಂಗಡಿಯವನೊಬ್ಬ .300 ವಿನ್‌ಚೆಸ್ಟರ್ ಮ್ಯಾಗ್ನಮ್ ಹಿಡಿಸಿ ಕಳಿಸಿದ. "ನಾಳೆ ದೊಡ್ಡ ಎಲ್ಕ್ ಹೊಡೆಯೋಕೂ ಆಗುತ್ತೆ" ಅಂದ. ಎಲ್ಕ್ ಅಂದರೆ ಅಲ್ಲಿನ ಭಾರಿ ಜಾತಿಯ ಜಿಂಕೆ, ನಾನು ಅದನ್ನು ಕಂಡಿದ್ದು ಕ್ಯಾಲೆಂಡರಿನಲ್ಲಿ! ಆ ರೈಫಲ್ಲಿನ ಒದೆತ, ಅಂದರೆ ಗುಂಡು ಹಾರಿದಾಗ ಭುಜಕ್ಕೆ ಬೀಳುವ ಗುದ್ದು, ಸಣ್ಣ ತೋಟಾ .243ರ ಎರಡು ಪಟ್ಟಿಗೂ ಜಾಸ್ತಿ. ತೋಟಾನೂ ದುಬಾರಿ, ಹಾಗಾಗಿ ಅಭ್ಯಾಸ ಮಾಡಿದ್ದು ಒಂದೇ ಡಬ್ಬಿ, 20 ಗುಂಡು. ಅಷ್ಟರಲ್ಲೇ ಮೈ ಕಲಿತುಬಿಟ್ಟಿತು. ಟ್ರಿಗರ್ ಮುಟ್ಟಿದ ಕೂಡಲೇ ಕಣ್ಣು ಮುಚ್ಚೋದು, ಭುಜ ಹಿಂದೆ ಎಳೆದುಕೊಳ್ಳೋದು. ಆ ನವೆಂಬರ್‌ನಲ್ಲಿ 70 ಗಜದಲ್ಲಿ ನಿಂತಿದ್ದ ಜಿಂಕೆ ತಪ್ಪಿತು. ಸುಮ್ನೆ ನಿಂತು ನನ್ನನ್ನೇ ನೋಡಿತು, ಆಮೇಲೆ ನಡೆದುಕೊಂಡು ಹೋಯಿತು. ಓಡಲೂ ಇಲ್ಲ.

ಅದನ್ನು ನಷ್ಟಕ್ಕೆ ಮಾರಿ ಸ್ಯಾವೇಜ್ ಕಂಪನಿಯ ಹಳೇ .243 ರೈಫಲ್ ತಗೊಂಡೆ. ಮೂರೂ ಜಿಂಕೆ ಅದರಲ್ಲೇ ಆಗಿದ್ದು.

ನಿಮ್ಮ ಕಾಡಿನಲ್ಲಿ 100 ಗಜ ಕಂಡರೆ ಹೆಚ್ಚು, ಅಲ್ವಾ? ಆ ದೂರಕ್ಕೆ .243, 7 ಎಂಎಂ-08, 6.5 ಕ್ರೀಡ್‌ಮೋರ್, .308 ಯಾವುದಾದರೂ ಸಾಕು. ಜಿಂಕೆಗೆ ವ್ಯತ್ಯಾಸ ಗೊತ್ತಾಗಲ್ಲ. 6.5 ಹೊಸದು, 2007ರಲ್ಲಿ ಬಂದಿದ್ದು, ದೂರದ ಗುರಿಗೆ ಅದರ ಹೆಸರು. ನಿಮಗೆ ದೂರ ಬೇಕಾಗಿಲ್ಲ, ಆದರೆ ಒದೆತ ಕಡಿಮೆ ಅನ್ನೋದು ಬೇಕು. .308 ಸ್ವಲ್ಪ ಜಾಸ್ತಿ ಒದೆಯುತ್ತದೆ, ಆದರೆ ತೋಟಾ ಯಾವ ಅಂಗಡಿಯಲ್ಲೂ ಸಿಗುತ್ತದೆ. .243 ಆದರೆ 100 ಗ್ರೇನ್ ತೂಕದ, ಜಿಂಕೆಗೆ ಅಂತಲೇ ಮಾಡಿದ ಗುಂಡು ತಗೊಳ್ಳಿ. ಹಗುರ ಗುಂಡು ಸಣ್ಣ ಪ್ರಾಣಿಗೆ ಮಾಡಿದ್ದು, ಒಳಗೆ ಹೋಗುವ ಮೊದಲೇ ಒಡೆದು ಗಾಯ ಮಾತ್ರ ಮಾಡಬಹುದು.

ಹೊಸದೇ ಬೇಕಾದರೆ ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್, ಮಾಸ್‌ಬರ್ಗ್ ಪೇಟ್ರಿಯಟ್ ನೋಡಿ. ಮೂರೂ ಬೋಲ್ಟ್ ರೈಫಲ್, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಹಿಡಿ ಎಳೆದು ತಳ್ಳಬೇಕು. ಭುಜಕ್ಕೆ ಒತ್ತುವ ಹಿಡಿ ಪ್ಲಾಸ್ಟಿಕ್ಕಿನದು, ನೋಡೋಕೆ ಆಟಿಕೆ ಇದ್ದ ಹಾಗೆ, ಆದರೆ ಗುರಿ ನೆಟ್ಟಗೆ. ಸ್ಕೋಪ್ ಸಮೇತ ಕಟ್ಟಿ ಕೊಡುವ ಪ್ಯಾಕೇಜ್‌ಗೆ ಮಾತ್ರ ನನಗೆ ಮನಸ್ಸಿಲ್ಲ. ಅದರಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತು ಸ್ಕೋಪೇ ಆಗಿರುತ್ತದೆ. ಮುಸ್ಸಂಜೆ ಹೊತ್ತಿಗೆ ಜಿಂಕೆ ಹೊರಬರುತ್ತದೆ, ಆಗ ಆ ಸ್ಕೋಪಿನೊಳಗೆ ಬರೀ ಬೂದು ಬಣ್ಣ. ಬರಿ ರೈಫಲ್ ತಗೊಂಡು 3-9x40 ಸ್ಕೋಪ್ (ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ, 40 ಎಂಎಂ ಗಾಜಿನದು) ಬೇರೆ ತಗೊಳ್ಳಿ. ರೈಫಲ್ಲಿಗೆ 400, ಸ್ಕೋಪು, ಅದನ್ನು ರೈಫಲ್ ಮೇಲೆ ಕೂರಿಸುವ ಬಳೆಗಳು ಸೇರಿ 220, ಉಳಿದಿದ್ದೆಲ್ಲ ತೋಟಾಕ್ಕೆ. ಅದರಲ್ಲಿ ಮಾತ್ರ ಉಳಿತಾಯ ಮಾಡಬೇಡಿ.

ನಿಮಗೆ 5 ಅಡಿ 4 ಇಂಚು ಅಂದಿರಿ. ಇವುಗಳಲ್ಲಿ ಹಿಡಿ ಗಿಡ್ಡ ಇರುವ ಕಾಂಪ್ಯಾಕ್ಟ್ ಮಾದರಿ ಬರುತ್ತದೆ. ಅಂಗಡಿಗೆ ಹೋಗುವಾಗ ಚಳಿಗಾಲದ ದಪ್ಪ ಜಾಕೆಟ್ ತಗೊಂಡೇ ಹೋಗಿ. ಟೀ ಶರ್ಟಿನಲ್ಲಿ ಸರಿ ಹೊಂದಿದ್ದು ಜಾಕೆಟ್ ಮೇಲೆ ಒಂದು ಇಂಚು ಉದ್ದ ಆಗುತ್ತದೆ. ನಾನು ಸೆಪ್ಟೆಂಬರ್ ಸೆಕೆಯಲ್ಲಿ ಆರಿಸಿ ನವೆಂಬರ್‌ನಲ್ಲಿ ಪೇಚಾಡಿದೆ.

ಜಿಂಕೆಯ ಮುಂಗಾಲಿನ ಹಿಂದೆ ಎದೆಯ ಜಾಗ ಇದೆಯಲ್ಲ, ಹೃದಯ ಮತ್ತು ಪುಪ್ಪುಸ ಇರುವ ಕಡೆ, ಅದು ನಮ್ಮ ಬೆಣ್ಣೆದೋಸೆಯಷ್ಟೇ ಅಗಲ. ಕೂತು, ಮಂಡಿಯೂರಿ, ಮರಕ್ಕೆ ಒರಗಿ, ಹೇಗೆ ಹೊಡೆದರೂ ಗುಂಡು ಆ ದೋಸೆಯೊಳಗೆ ಬೀಳುವ ದೂರ ಎಷ್ಟೋ ಅಷ್ಟೇ ನಿಮ್ಮ ದೂರ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಹೊಡೆದ ಲೆಕ್ಕ ಕಾಡಿನಲ್ಲಿ ನಡೆಯಲ್ಲ.

ಇನ್ನೊಂದು, ಇದನ್ನು ಓದುವ ಎಚ್-1ಬಿ ವೀಸಾದವರಿಗೆ. ನಿಮ್ಮ ವೀಸಾದಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅಮೆರಿಕದ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಮಾತ್ರ ವಿನಾಯಿತಿ. ನಾನು ಆ ಲೈಸೆನ್ಸ್ ತೋರಿಸಿಯೇ ಕೊಂಡಿದ್ದು.

ಎನ್‌ಸಿಸಿ ಅಕ್ಕ

ಬೇಟೆ ನನಗೆ ಇಷ್ಟ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಹೊಡೆಯುವುದಾದರೆ ನೆಟ್ಟಗೆ ಹೊಡೆಯಲಿ, ಪ್ರಾಣಿ ನರಳಬಾರದು ಅಂತ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿ .22 ಹಾರಿಸುತ್ತಿದ್ದೆ. ಅಲ್ಲಿ ಮೊದಲ ದಿನವೇ ನೋಡಿದ್ದು ಯಾವ ಕಣ್ಣು ಜೋರು ಅಂತ. ಎರಡೂ ಕೈ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿಕೊಳ್ಳಿ. ಎರಡು ಕಣ್ಣೂ ಬಿಟ್ಟುಕೊಂಡು ಅದರೊಳಗಿಂದ ದೂರದ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯವಾಗುತ್ತದೋ ಆ ಕಣ್ಣೇ ಯಜಮಾನ. ಬಂದೂಕು ಆ ಕಡೆಯ ಭುಜಕ್ಕೆ ಇಟ್ಟರೆ ಗುರಿ ಸಲೀಸು.

ಮೂರು ವಾರ ಇಲ್ಲಿ ಸುಮ್ನೆ ಕೂರುವ ಬದಲು ಒಂದು ಏರ್ ರೈಫಲ್ ಹಿಡಿಯಿರಿ. 4.5 ಎಂಎಂ ನಳಿಗೆಯ, ಗುಂಡಿನ ಶಕ್ತಿ 20 ಜೂಲ್‌ ಒಳಗಿನದಕ್ಕೆ ಇಲ್ಲಿ ಲೈಸೆನ್ಸ್ ಬೇಡ. ಹೊಲದಲ್ಲಿ ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಕಾಗದ ಕಟ್ಟಿ ಹೊಡೆಯಿರಿ. ಹಕ್ಕಿಗಲ್ಲ. ಉಸಿರು ಅರ್ಧ ಬಿಟ್ಟು, ಟ್ರಿಗರ್ ನಿಧಾನ ಒತ್ತೋದನ್ನು ಅದರಲ್ಲೇ ಕಲಿಯಬಹುದು. ಒದೆತ ತೀರಾ ಕಡಿಮೆ ಇರೋದರಿಂದ ಕಣ್ಣು ಮುಚ್ಚುವ ಚಾಳಿ ಹತ್ತಲ್ಲ.

ಪಿಜೆ ಬಡಾವಣೆ ಹುಡುಗ

ಅಕ್ಕಾ, ಈಗ ತಾನೇ ಟೆರೇಸ್ ಮೇಲೆ ನಿಂತು ನೋಡಿದೆ, ಎದುರು ಮನೆಯ ನೀರಿನ ಟ್ಯಾಂಕಿಗೆ. ನಾನು ಬಲಗೈ, ಯಜಮಾನ ಎಡಗಣ್ಣು! ಮೂರು ಸಲ ನೋಡಿದೆ, ಮೂರು ಸಲವೂ ಎಡವೇ. ಅಮ್ಮ ಬಟ್ಟೆ ಒಣಹಾಕೋಕೆ ಬಂದವರು "ಯಾರಿಗೋ ಕೈಮುಗೀತಿದೀಯಾ?" ಅಂದರು. ಈಗೇನು ಮಾಡೋದು, ಎಡಗೈ ರೈಫಲ್ಲೇ ಬೇಕಾ?

ಮಾರಿಕಣಿವೆ ದಾಳಿಂಬೆ

ಗಾಬರಿ ಬೇಡ. ಸ್ಕೋಪ್ ಇದ್ದರೆ ಇದು ಅಷ್ಟು ಕಾಡಲ್ಲ, ಎಡಗಣ್ಣು ಮುಚ್ಚಿಕೊಂಡರೆ ಆಯಿತು. ಎಡಗೈ ಬೋಲ್ಟ್ ಇರುವ ಮಾದರಿಯೂ ಸಿಗುತ್ತದೆ, ಆದರೆ ಹಳೆಯದು ಹುಡುಕೋದು ಕಷ್ಟ. ಮೊದಲು ಅಕ್ಕ ಹೇಳಿದ ಏರ್ ರೈಫಲ್ ಎರಡೂ ಭುಜದಲ್ಲಿ ಇಟ್ಟು ನೋಡಿ. ಹತ್ತು ಹತ್ತು ಗುಂಡು. ಕಾಗದದ ಫೋಟೋ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.