ಶಹಾಪುರದಲ್ಲಿ ಹಳೆಯ ಮನೆಯ ಖರೇದಿ: ಕಾಗದಪತ್ರ ನೋಡಲು ಎಂಥ ವಕೀಲರನ್ನು ಹಿಡಿಯಬೇಕು?

ಪ್ರಶ್ನೆ: ಶಿಕ್ಷಕಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮ ಬೆಳಗಾವಿಯ ಶಹಾಪುರದಲ್ಲಿ ಒಂದು ಹಳೆಯ ಮನೆಯನ್ನು ಕೊಳ್ಳಲು ನಾನು ಮತ್ತು ನನ್ನ ಯಜಮಾನರು ಮಾತು ಆಡಿದ್ದೇವೆ. ಬೆಲೆ 48 ಲಕ್ಷ ರೂಪಾಯಿಗೆ ನಿಂತಿದೆ. ಅದರಲ್ಲಿ 30 ಲಕ್ಷ ಬ್ಯಾಂಕಿನ ಸಾಲ, ಉಳಿದದ್ದು ನಮ್ಮಿಬ್ಬರ ಇಪ್ಪತ್ತು ವರ್ಷಗಳ ಉಳಿತಾಯ. ಮನೆಯು ತಂದೆಯಿಂದ ಮೂವರು ಅಣ್ಣತಮ್ಮಂದಿರ ಹೆಸರಿಗೆ ಬಂದಿದ್ದು, ಅವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಅವರ ಪತ್ನಿಯೂ 14 ವರ್ಷದ ಮಗನೂ ಇದ್ದಾರೆ. ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳೂ ಆ ಮನೆತನದಲ್ಲಿದ್ದಾರೆಂದು ನೆರೆಯವರಿಂದ ತಿಳಿಯಿತು.

ತಮ್ಮ ಪರಿಚಯದ ವಕೀಲರೇ ಕಾಗದ ನೋಡಿ ಖರೇದಿ ಪತ್ರವನ್ನೂ ಬರೆಯಿಸಿಕೊಡುತ್ತಾರೆ, ನಿಮಗೆ ಬೇರೆ ಖರ್ಚು ಬೇಡ ಎಂದು ಏಜೆಂಟರು ಹೇಳುತ್ತಾರೆ. ಬ್ಯಾಂಕಿನವರು ತಮ್ಮ ಪ್ಯಾನೆಲ್ ವಕೀಲರಿಂದ (ಬ್ಯಾಂಕೇ ಗೊತ್ತುಮಾಡಿಕೊಂಡವರಿಂದ) ವರದಿ ತರಿಸುತ್ತಾರಂತೆ. ಹೀಗಿರುವಾಗ ನಮ್ಮದೇ ಆದ ಮೂರನೆಯ ವಕೀಲರು ಬೇಕೇ, ಬೇಕಾದರೆ ಅವರನ್ನು ಏನು ನೋಡಿ ಆರಿಸಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು. 15 ದಿನಗಳೊಳಗೆ 5 ಲಕ್ಷ ರೂಪಾಯಿ ಸಂಚಕಾರ (ಮುಂಗಡ) ಕೊಡಬೇಕೆಂಬ ಒತ್ತಾಯವೂ ಇದೆ.

ಉತ್ತರ 1: ನಿವೃತ್ತ ಬ್ಯಾಂಕ್ ಅಧಿಕಾರಿ, ವಿಜಯಪುರ

ಸಹೋದರಿ, ಬೇಕೇ ಬೇಕು. ಗೃಹಸಾಲದ ಕಡತಗಳನ್ನು ಬಹಳ ವರ್ಷ ನೋಡಿದವನಾಗಿ ಹೇಳುತ್ತೇನೆ: ಪ್ಯಾನೆಲ್ ವಕೀಲರು ವರದಿ ಬರೆಯುವುದು ಬ್ಯಾಂಕಿಗಾಗಿ, ನಿಮಗಾಗಿ ಅಲ್ಲ. ಬ್ಯಾಂಕಿಗೆ ತನ್ನ 30 ಲಕ್ಷಕ್ಕೆ ಭದ್ರತೆ ಸಿಕ್ಕರೆ ಸಾಕು. ಆ ವರದಿಯಲ್ಲಿ ಏನೋ ಬಿಟ್ಟುಹೋಗಿ ಮನೆಯೇ ಕೈತಪ್ಪಿದರೂ ನಿಮ್ಮ ಕಂತು ನಿಲ್ಲುವುದಿಲ್ಲ.

ಏಜೆಂಟರ ವಕೀಲರನ್ನು ನಾನು ಒಪ್ಪುವುದಿಲ್ಲ. ವ್ಯವಹಾರ ಮುಗಿದರೆ ಮಾತ್ರ ಏಜೆಂಟರಿಗೆ ದಲಾಲಿ. ಅವರಿಂದಲೇ ಮೇಲಿಂದ ಮೇಲೆ ಕೆಲಸ ಪಡೆಯುವ ವಕೀಲರಿಗೆ "ಈ ಮನೆ ಬೇಡ" ಎಂದು ನಿಮಗೆ ಹೇಳುವುದು ಸುಲಭವಲ್ಲ. ಒಂದೇ ವ್ಯವಹಾರದಲ್ಲಿ ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಎದುರು ಪಕ್ಷದ ಪರವಾಗಿ ನಿಲ್ಲಬಾರದೆಂದು ಬಾರ್ ಕೌನ್ಸಿಲಿನ ನಿಯಮವೇ ಇದೆ. ಆದ್ದರಿಂದ ಈ ಮಾರಾಟಗಾರರ ಅಥವಾ ಈ ಏಜೆಂಟರ ಕೆಲಸವನ್ನು ತಾವು ಹಿಂದೆ ಮಾಡಿದ್ದೀರಾ ಎಂದು ಮೊದಲೇ ಕೇಳಿ. ಫೀಯನ್ನು ಮನೆಯ ಬೆಲೆಯ ಶೇಕಡಾವಾರಿನಲ್ಲಿ ಒಪ್ಪಬೇಡಿ. ಅಭಿಪ್ರಾಯಕ್ಕೆ ಇಷ್ಟು, ಪತ್ರ ಬರೆಯಲು ಇಷ್ಟು ಎಂದು ಬೇರೆ ಬೇರೆ ಗೊತ್ತುಮಾಡಿ, ಖರೇದಿ ಬೇಡವೆಂಬ ಅಭಿಪ್ರಾಯ ಬಂದರೂ ಆ ಮೊದಲ ಮೊತ್ತವನ್ನು ಪೂರ್ತಿ ಕೊಡಿ.

ಉತ್ತರ 2: ನವನಗರ, ಬಾಗಲಕೋಟೆ

ಮೇಲಿನ ಹಿರಿಯರು ಹೇಳಿದ್ದನ್ನು ನಾವು ಅನುಭವಿಸಿ ಕಲಿತೆವು. ನಮ್ಮ ಮನೆಯ ಖರೇದಿಯಲ್ಲಿ ಎರಡೂ ಕಡೆಗೆ ಒಬ್ಬರೇ ವಕೀಲರಿದ್ದರು. ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಇ.ಸಿ.) ಶುದ್ಧವಾಗಿತ್ತು, ನೋಂದಣಿಯೂ ಆಯಿತು. ಮಾರಾಟಗಾರರ ತಂಗಿ ಅದೇ ಮನೆಯಲ್ಲಿ ತನ್ನ ಪಾಲು ಕೇಳಿ ಅದಕ್ಕೂ ಮೊದಲೇ ದಾವೆ ಹೂಡಿದ್ದರೆಂಬುದು ನಮಗೆ ಗೊತ್ತಾದದ್ದು ಸಮನ್ಸ್ ಬಂದಾಗ. ಇಂಥ ವಾಟ್ನಿ (ಆಸ್ತಿ ಪಾಲಿನ) ದಾವೆ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ, ಆದರೆ ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರಾಗುತ್ತಾರೆ. ವಕೀಲರನ್ನು ಕೇಳಿದಾಗ, ಋಣಭಾರ ಪತ್ರವನ್ನಷ್ಟೇ ನೋಡಲು ಹೇಳಿದ್ದಿರಿ ಎಂದರು. ನಮ್ಮ ಕೈಯಲ್ಲಿ ಒಂದು ಸಾಲಿನ ಬರಹವೂ ಇರಲಿಲ್ಲ. ಕೊನೆಗೆ ಆ ತಂಗಿಗೆ ಹಣ ಕೊಟ್ಟು ರಾಜಿಯಾದೆವು. ಅವರ ಹಕ್ಕು ನ್ಯಾಯವಾದದ್ದೇ ಆಗಿತ್ತು.

ಅಕ್ಕಾವರೇ, ಯಾವ ಯಾವ ಕಾಗದ ನೋಡಿದೆ, ಯಾವ ನ್ಯಾಯಾಲಯದಲ್ಲಿ ಯಾರ ಹೆಸರಿನಲ್ಲಿ ದಾವೆ ಹುಡುಕಿದೆ, ಏನು ಸಿಗಲಿಲ್ಲ ಎಂಬುದನ್ನೆಲ್ಲ ಬರೆದು ಸಹಿ ಮಾಡಿಕೊಡುವವರನ್ನೇ ಹಿಡಿಯಿರಿ. ಇನ್ನೊಂದು ಮಾತು: ಆ ಊರಿನ ಕಾಗದ ಬಲ್ಲವರಾಗಿರಲಿ. ನಮ್ಮ ನವನಗರದಲ್ಲಿ ಆಲಮಟ್ಟಿ ಜಲಾಶಯದ ಮುಳುಗಡೆ ಸಂತ್ರಸ್ತರಿಗೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹಂಚಿದ ನಿವೇಶನಗಳ ಕಾಗದದ ಬಗೆಯೇ ಬೇರೆ. ಹಂಚಿಕೆ ಪತ್ರದ ಷರತ್ತುಗಳನ್ನು ಓದದೆ ಬರೀ ಖಾತೆ ನೋಡಿದರೆ ಇಲ್ಲಿ ಏನೂ ತಿಳಿಯುವುದಿಲ್ಲ.

ಉತ್ತರ 3: ಸಿವಿಲ್ ವಕೀಲ, ಬೆಳಗಾವಿ

ವಕೀಲರು ಜಾಹೀರಾತು ಮಾಡಿಕೊಳ್ಳಬಾರದೆಂಬ ನಿಯಮವಿರುವುದರಿಂದ ನಾನು ಯಾರ ಹೆಸರನ್ನೂ, ನನ್ನ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ತಾವು ಭೇಟಿಯಾಗುವ ವಕೀಲರು ತಮ್ಮನ್ನು ಏನು ಕೇಳುತ್ತಾರೆಂಬುದನ್ನು ಗಮನಿಸಿ ಆರಿಸಿರಿ ಎಂಬುದು ನನ್ನ ಸಲಹೆ. ಈ ಮನೆಯ ಮಟ್ಟಿಗೆ ಅವರು ತಾವಾಗಿಯೇ ಎತ್ತಬೇಕಾದ ವಿಷಯಗಳಿವೆ.

ಮೊದಲನೆಯದು ಆ ಹುಡುಗನದು. ತಂದೆಯಿಂದ ಬಂದ ಪಾಲು ಅವನ ಸ್ವಂತ ಆಸ್ತಿಯಾಗಿದ್ದರೆ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 8ನೆಯ ಕಲಮಿನಂತೆ ತಾಯಿಯಾದರೂ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದರೆ, ಅವನು ಪ್ರಾಪ್ತವಯಸ್ಕನಾದ ಮೇಲೆ ಮೂರು ವರ್ಷಗಳೊಳಗೆ ಆ ಮಾರಾಟವನ್ನು ರದ್ದುಪಡಿಸಲು ದಾವೆ ಹೂಡಬಹುದು. ಅವಿಭಕ್ತ ಕುಟುಂಬದಲ್ಲಿ ಅವನಿಗಿರುವ ಹಕ್ಕಿಗೆ ಬೇರೆ ಲೆಕ್ಕ. ಇವೆರಡರಲ್ಲಿ ಇದು ಯಾವುದೆಂದು ಕಾಗದ ಓದಿ ಹೇಳುವುದೇ ವಕೀಲರ ಕೆಲಸ.

ಎರಡನೆಯದು ಹೆಣ್ಣುಮಕ್ಕಳದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಕೊಟ್ಟಿದೆ, ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ತಂದೆಯ ಸ್ವಯಾರ್ಜಿತವಾಗಿದ್ದು ಅವರು ಮೃತ್ಯುಪತ್ರ ಬರೆಯದೆ ಹೋಗಿದ್ದರೂ ಮಗಳು ವಾರಸುದಾರಳೇ. ಆಸ್ತಿ ಹೇಗೆ ಬಂತು, 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಾಟ್ನಿ ಆಗಿತ್ತೇ, ಹಕ್ಕು ಬಿಟ್ಟ ಪತ್ರವಿದೆಯೇ ಎಂದು ಅವರು ಕೇಳಲೇಬೇಕು. ಸಹೋದರಿಯರು ಖರೇದಿ ಪತ್ರಕ್ಕೆ ತಾವೇ ಬಂದು ಸಹಿ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು.

ಮೂರನೆಯದು ಶಹಾಪುರದ್ದೇ ವಿಶೇಷ. ಈ ಭಾಗ 1948ರವರೆಗೆ ಸಾಂಗಲಿ ಸಂಸ್ಥಾನದಲ್ಲಿತ್ತು. ಹಳೆಯ ದಸ್ತಾವೇಜುಗಳು ಮರಾಠಿಯಲ್ಲಿ, ಕೆಲವೊಮ್ಮೆ ಮೋಡಿ ಎಂಬ ಮರಾಠಿಯ ಹಳೆಯ ಕೈಬರಹದ ಲಿಪಿಯಲ್ಲಿ ಇರುತ್ತವೆ. ಅವನ್ನು ಓದಬಲ್ಲವರಿಂದ ಲಿಪ್ಯಂತರ ಮಾಡಿಸುವ ತಾಳ್ಮೆ ವಕೀಲರಿಗಿರಬೇಕು. ಸಿಟಿ ಸರ್ವೆಯ ಪಿ.ಆರ್. ಕಾರ್ಡಿನಲ್ಲಿ (ಆಸ್ತಿಯ ದಾಖಲೆ ಪತ್ರದಲ್ಲಿ) ಮೂವರ ಹೆಸರಿದೆ ಎಂದ ಮಾತ್ರಕ್ಕೆ ಮಾಲೀಕತ್ವ ಮೂವರದೇ ಎಂದು ತಿಳಿಯಬಾರದು. ಝೆರಾಕ್ಸ್ ಪ್ರತಿಗಳನ್ನು ತಿರುವಿಹಾಕಿ "ಎಲ್ಲ ಕ್ಲಿಯರ್ ಇದೆ" ಎನ್ನುವವರ ಕಚೇರಿಯಿಂದ ಎದ್ದು ಬನ್ನಿ.

ಸಂಚಕಾರವನ್ನು ಲಿಖಿತ ಅಭಿಪ್ರಾಯ ಕೈಗೆ ಬಂದ ಮೇಲೆಯೇ ಕೊಡಿ. ಹಕ್ಕಿನಲ್ಲಿ ದೋಷ ಕಂಡರೆ ಹಣ ಮರಳಿಸಬೇಕೆಂಬ ಷರತ್ತನ್ನು ಸಂಚಕಾರ ಪತ್ರದಲ್ಲಿ ಬರೆಸಿರಿ. ಯಾರಿಗಾದರೂ ತಕರಾರಿದ್ದರೆ ತಿಳಿಸಲೆಂದು ಪತ್ರಿಕೆಯಲ್ಲಿ ಜಾಹೀರು ಪ್ರಕಟಣೆ ಕೊಡಿಸುವುದೂ ಒಳಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ವಾರ ಇಬ್ಬರು ವಕೀಲರನ್ನು ಕಂಡೆವು. ಮೊದಲನೆಯವರು ಫೀ ಎಷ್ಟೆಂದು ಹೇಳಿ ಕಾಗದ ತನ್ನಿ ಎಂದರು, ಅಷ್ಟೇ. ಎರಡನೆಯವರು ವಂಶಾವಳಿಯನ್ನೂ ತೀರಿಕೊಂಡವರ ಮರಣ ಪ್ರಮಾಣಪತ್ರವನ್ನೂ ಹುಡುಗನ ಜನ್ಮ ದಿನಾಂಕವನ್ನೂ ಕೇಳಿ, ಇಬ್ಬರು ಸಹೋದರಿಯರ ಊರು ಯಾವುದೆಂದು ವಿಚಾರಿಸಿದರು. ಅವರಿಗೇ ಕೆಲಸ ಒಪ್ಪಿಸಿದ್ದೇವೆ. ಒಬ್ಬ ಸಹೋದರಿ ಕೊಲ್ಹಾಪುರದಲ್ಲಿದ್ದು ದೀಪಾವಳಿಗೆ ತವರಿಗೆ ಬರುತ್ತಾರಂತೆ. ಅವರೊಡನೆ ಮಾತಾಡುವವರೆಗೆ ಸಂಚಕಾರ ಕೊಡುವುದಿಲ್ಲವೆಂದು ಏಜೆಂಟರಿಗೆ ತಿಳಿಸಿದ್ದೇವೆ.