ಸಹಾಯ ಬೇಕು: ಗಾಳ ಹಾಕುವಾಗ ಕ್ಯಾಮೊಫ್ಲಾಜ್ (ಸುತ್ತಲಿನ ಹಿನ್ನೆಲೆಯಲ್ಲಿ ಬೆರೆತು ಮರೆಮಾಡುವ) ಬಟ್ಟೆಯಿಂದ ಪ್ರಯೋಜನವಿದೆಯೇ?

ಎಲ್ಲರಿಗೂ ನಮಸ್ಕಾರ. ಹೊಸನಗರದ ಬಳಿಯ ನಮ್ಮೂರ ಕೆರೆಯಲ್ಲಿ ರೋಹು, ಕಾಟ್ಲಾ ಮೀನುಗಳಿಗೆ ಅನುಮತಿ ಪಡೆದು ಗಾಳ ಹಾಕುತ್ತೇನೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ನಾನು ಏರಿಯ ಮೇಲೆ ಕಾಣಿಸಿಕೊಂಡ ಕೂಡಲೇ ದಡದ ಜೊಂಡಿನ ಪಕ್ಕದಲ್ಲಿದ್ದ ಮೀನುಗಳು ಕೆಸರೆಬ್ಬಿಸಿಕೊಂಡು ಆಳಕ್ಕೆ ಸರಿಯುತ್ತವೆ.

ಇದಕ್ಕಾಗಿ ಶಿವಮೊಗ್ಗದಿಂದ ಎಲೆಚಿತ್ತಾರದ ಕ್ಯಾಮೊಫ್ಲಾಜ್ ಅಂಗಿ, ಪ್ಯಾಂಟು ತಂದು ಮೂರು ಭಾನುವಾರ ತೊಟ್ಟು ನೋಡಿದೆ. ನಿಂತಾಗ ಏನೂ ವ್ಯತ್ಯಾಸವಾಗಲಿಲ್ಲ. ಆದರೆ ಹಳೆಯ ಮಾಸಲು ಅಂಗಿಯಲ್ಲೇ ಲಂಟಾನದ ಪೊದೆಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತಾಗ ಮೀನು ಕಚ್ಚಿ ಗಾಳದ ಬೆಂಡು ಎರಡು ಬಾರಿ ಮುಳುಗಿತು.

ಬೆಳಕು ಬಾಗುವುದರಿಂದ ಮೀನಿಗೆ ಹೊರಜಗತ್ತು ತಲೆಯ ಮೇಲಿನ ಸುಮಾರು 97 ಡಿಗ್ರಿಯ ವೃತ್ತಾಕಾರದ ಕಿಂಡಿಯಲ್ಲಿ ಮಾತ್ರ ಕಾಣುತ್ತದೆ, ದಡದಲ್ಲಿ ತಗ್ಗಿ ಕುಳಿತವರು ಅದರ ಅಂಚಿನಲ್ಲಿ ಕುಗ್ಗಿಹೋಗುತ್ತಾರೆ ಎಂದು ಓದಿದ್ದೇನೆ. ಹೆಜ್ಜೆಯ ಕಂಪನವನ್ನು ಮೈಪಕ್ಕದ ಸಂವೇದನಾ ರೇಖೆಯಿಂದಲೂ ಮೀನು ಗ್ರಹಿಸುತ್ತದೆ. ನನ್ನ ಗೊಂದಲ ಇಲ್ಲಿಯೇ ಇದೆ. ಹಿನ್ನೆಲೆಯಲ್ಲಿ ಮರಗಳಿಲ್ಲದೆ ಬರೀ ಆಕಾಶವಿರುವ ಏರಿಯ ಮೇಲೆ ಹಸಿರು ಚಿತ್ತಾರವೇ ಎದ್ದು ಕಾಣುವುದಿಲ್ಲವೇ? ಅಲ್ಲದೆ, ಜಾರಿ ಬಿದ್ದರೆ ಹುಡುಕುವವರ ಕಣ್ಣಿಗೂ ಈ ಬಟ್ಟೆ ಬೀಳದು ಎಂಬ ಮನೆಯವರ ಆತಂಕ ನನಗೆ ಸರಿಯೆನಿಸುತ್ತದೆ.

ತಿಳಿನೀರಿನಲ್ಲಿ ಗಾಳ ಹಾಕಿ ಅನುಭವವಿರುವವರು ದಯವಿಟ್ಟು ತಿಳಿಸಿ: ಬಯಲು ದಡದಲ್ಲಿ ಕ್ಯಾಮೊಫ್ಲಾಜ್ ಉಪಯುಕ್ತವೇ, ಅಥವಾ ತಿಳಿನೀಲಿ, ಬೂದು ಬಣ್ಣದ ಸಾದಾ ಅಂಗಿಯೇ ಉತ್ತಮವೇ?