ಡಾ. ವಿಜಯ್ ಮರಳಿ ಬಂದರು, ರಾಮಾಚಾರಿ ಏಕೆ ಬರಲಿಲ್ಲ?

ಪ್ರಶ್ನೆ (ಹುಬ್ಬಳ್ಳಿಯಿಂದ)

ಕಳೆದ ರವಿವಾರ ತಾಯಿಯವರೊಂದಿಗೆ ಕುಳಿತು ‘ನಾಗರಹಾವು’ ಮತ್ತು ‘ಆಪ್ತರಕ್ಷಕ’ ಎರಡನ್ನೂ ನೋಡಿದೆ. ವಿಷ್ಣುವರ್ಧನ್ ಅವರನ್ನು ಮನೆಮಾತಾಗಿಸಿದ್ದು 1972ರ ರಾಮಾಚಾರಿ. ಆದರೂ ಆ ಪಾತ್ರಕ್ಕೆ ಅವರು ಮತ್ತೆ ಬಣ್ಣ ಹಚ್ಚಲಿಲ್ಲ. 2004ರ ‘ಆಪ್ತಮಿತ್ರ’ದ ಮನೋವೈದ್ಯ ವಿಜಯ್ ಆಗಿ ಮಾತ್ರ 2010ರ ‘ಆಪ್ತರಕ್ಷಕ’ದಲ್ಲಿ ಎರಡನೆಯ ಸಲ ಕಾಣಿಸಿಕೊಂಡರು. ಜನರ ಬೇಡಿಕೆಯೇ ಕಾರಣವೆನ್ನುವುದಾದರೆ, ರಾಮಾಚಾರಿ ಬೇಡವೆಂದ ಪ್ರೇಕ್ಷಕರು ಯಾರಿದ್ದರು? ನಟರು ಕೆಲವು ಪಾತ್ರಗಳಿಗೆ ಮರಳಿ, ಕೆಲವನ್ನು ಬಿಟ್ಟೇಬಿಡುವುದು ಏಕೆಂದು ಬಲ್ಲವರು ತಿಳಿಸಬೇಕು.

ಉತ್ತರ (ಧಾರವಾಡದಿಂದ)

ಪಾತ್ರ ಯಾವುದರ ಆಸರೆಯಲ್ಲಿ ನಿಂತಿದೆ ಎಂಬುದನ್ನು ಮೊದಲು ನೋಡಬೇಕು. ವಿಜಯ್ ವೈದ್ಯರು; ಇನ್ನೊಬ್ಬ ರೋಗಿ ಬಂದರೆ ಇನ್ನೊಂದು ಕಥೆ ಶುರುವಾಗುತ್ತದೆ. ನಿರ್ದೇಶಕರಾದ ದೊರೆ-ಭಗವಾನ್ ಜೋಡಿ ರಾಜಕುಮಾರ್ ಅವರಿಗಾಗಿ ಕಟ್ಟಿದ ಗೂಢಚಾರ ಸಿ.ಐ.ಡಿ. 999 ಕೂಡ ಇಂಥದ್ದೇ. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಾಲ್ಕು ಚಿತ್ರಗಳಲ್ಲಿ ಆತ ಬಂದದ್ದು, ಪ್ರತಿ ಸಲವೂ ಹೊಸ ಪ್ರಕರಣವೊಂದು ಕಾದಿತ್ತೆಂಬ ಕಾರಣಕ್ಕೆ; ಅವನ ಸ್ವಂತ ಬದುಕಿನ ಲೆಕ್ಕ ಎಲ್ಲಿಯೂ ಚುಕ್ತಾ ಆಗಿರಲಿಲ್ಲ. ರಾಮಾಚಾರಿಯದು ಹಾಗಲ್ಲ. ಗುರು ಚಾಮಯ್ಯ ಮೇಷ್ಟ್ರನ್ನು ಕಳೆದುಕೊಂಡು, ಪ್ರೇಯಸಿ ಮಾರ್ಗರೆಟ್ಟಳೊಂದಿಗೆ ಬೆಟ್ಟದಿಂದ ಧುಮುಕಿದವನನ್ನು ಎಬ್ಬಿಸಿ ತಂದರೆ ಆ ಕಥೆಗೇ ದ್ರೋಹ ಬಗೆದಂತೆ.

‘ಬೇಡರ ಕಣ್ಣಪ್ಪ’ದ ಸಂಗತಿ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. 1954ರಲ್ಲಿ ಕಣ್ಣಪ್ಪನಾಗಿದ್ದ ರಾಜಕುಮಾರ್, 1988ರಲ್ಲಿ ಅದೇ ಕಥೆ ‘ಶಿವ ಮೆಚ್ಚಿದ ಕಣ್ಣಪ್ಪ’ವಾದಾಗ ಶಿವನಾದರು. ಕಣ್ಣಪ್ಪನಾದವರು ಶಿವರಾಜಕುಮಾರ್, ಬಾಲಕ ಕಣ್ಣಪ್ಪನಾದವರು ಪುನೀತ್. ತಾವು ಒಮ್ಮೆ ಯಾರಿಗೆ ಕಣ್ಣು ಕಿತ್ತು ಕೊಟ್ಟಿದ್ದರೋ, ಆ ದೇವರ ಜಾಗದಲ್ಲಿ ಅವರು ಮಕ್ಕಳ ಎದುರು ನಿಂತಿದ್ದರು.

ಉತ್ತರ (ಗದಗದಿಂದ)

ಕಥೆ ಮುಗಿದರೆ ಪಾತ್ರವೂ ಮುಗಿಯಿತೆಂಬುದನ್ನು, ನಾಟಕ ಕಂಪನಿಗಳ ಸೀಮೆಯವನಾದ ನಾನು ಪೂರ್ತಿ ಒಪ್ಪಲಾರೆ. ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರಕ್ಕೆ ಮತ್ತೆ ಮತ್ತೆ ಬಣ್ಣ ಹಚ್ಚಿದರು. ರಾತ್ರಿ ಮುಗಿದ ಕಥೆಗೆ ಮರುದಿನ ಪರದೆ ಏಳುತ್ತಿತ್ತು. ಆದರೆ ನಿನ್ನೆಯ ಬಸವಣ್ಣನನ್ನು ತಂದು ಇಂದಿನವನ ಪಕ್ಕಕ್ಕೆ ನಿಲ್ಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಸಿನಿಮಾದಲ್ಲಿ ಅದೇ ಆಗುತ್ತದೆ. ಹಲ್ಲು ಕಚ್ಚಿ ಊರನ್ನೇ ಎದುರಿಸಿ ನಿಂತವನು ಮೇಷ್ಟ್ರ ಒಂದು ಮಾತಿಗೆ ಕಣ್ಣು ಕೆಳಗೆ ಹಾಕುವ ರಾಮಾಚಾರಿಯ ಆ 22ರ ಹರೆಯದ ಮುಖ ಈಗಲೂ ಹಾಗೆಯೇ ಇದೆ. ನಲವತ್ತು ದಾಟಿದ ನಟ ಮರಳಿದರೆ ತನ್ನ ಆ ಮುಖದೊಂದಿಗೇ ಸೆಣಸಬೇಕಾಗುತ್ತದೆ. ವೈದ್ಯನ ಪಾತ್ರಕ್ಕೆ ವಯಸ್ಸಾದರೆ ತೂಕ ಹೆಚ್ಚುತ್ತದೆ, ರಾಮಾಚಾರಿಗೆ ವಯಸ್ಸಾಗುವಂತಿಲ್ಲ.

ಉತ್ತರ (ಹಾವೇರಿಯಿಂದ)

ಹಕ್ಕು ಯಾರ ಕೈಯಲ್ಲಿದೆ ಎಂಬುದನ್ನೂ ಮರೆಯಬಾರದು. 1971ರ ಚಿತ್ರದ ನಂತರ ಬಾಂಡ್ ಪಾತ್ರ ಬಿಟ್ಟಿದ್ದ ಶಾನ್ ಕಾನರಿ, 1983ರಲ್ಲಿ ಮರಳಿದ್ದು ಬೇರೆ ನಿರ್ಮಾಪಕರ ಚಿತ್ರಕ್ಕೆ. ‘ಥಂಡರ್‌ಬಾಲ್’ ಎಂಬ ಅದರ ಮೂಲಕಥೆಯ ಹಕ್ಕು ಪ್ರತ್ಯೇಕವಾಗಿದ್ದರಿಂದ ಅದು ಸಾಧ್ಯವಾಯಿತು. ನಟನ ಮನಸ್ಸೂ ಬೇಕು. ‘ಸ್ಟಾರ್ ವಾರ್ಸ್’ನಲ್ಲಿ ತಮ್ಮ ಪಾತ್ರವಾದ ಹಾನ್ ಸೋಲೋ ಸಾಯಬೇಕೆಂದು ಹ್ಯಾರಿಸನ್ ಫೋರ್ಡ್ ಹಿಂದೆಯೇ ಒತ್ತಾಯಿಸಿದ್ದರು; 2015ರಲ್ಲಿ ಅವರು ಮರಳಿದ ಚಿತ್ರದಲ್ಲಿ ಆ ಪಾತ್ರ ಸಾಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಉತ್ತರಗಳನ್ನು ತಾಯಿಯವರಿಗೆ ಓದಿ ಹೇಳಿದೆ. ಕಣ್ಣಪ್ಪನ ಭಾಗವನ್ನು ಎರಡು ಸಲ ಓದಿಸಿದರು. ರಾಮಾಚಾರಿಯ ವಿಷಯದಲ್ಲಿ ಅವರು ಕೇಳಿದ್ದು ಇಷ್ಟೇ: ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರೇ ಇಲ್ಲದ ಮೇಲೆ ಅವನು ಯಾರ ಮಾತು ಕೇಳಲು ಮರಳಿ ಬರಬೇಕಿತ್ತು?